ಬೆನ್ನು ತೋರಿಸದ ಮಂಜಿ

ಜಗತ್ತು ಇನ್ನೂ ಹೊಚ್ಚಹೊಸದಾಗಿದ್ದಾಗ, ಭೂಮಿಯ ಮೇಲೆ ಒಂದು ಎಸಳು ಹುಲ್ಲೂ ಹುಟ್ಟುವ ಮೊದಲು, ಸೂರ್ಯಜ್ಜ ಒಬ್ಬನೇ ಕೂತಿದ್ದ. ಗ್ರಹಗಳೆಲ್ಲ ದೂರದಿಂದಲೇ ಸುತ್ತು ಹಾಕಿ ಹೋಗುತ್ತಿದ್ದವು. ಹತ್ತಿರ ಬಂದು "ಹೇಗಿದ್ದೀಯಜ್ಜ?" ಅಂದವರು ಒಬ್ಬರೂ ಇಲ್ಲ. ಪಾಪ, ಅವನಿಗೂ ಬೇಸರ ಆಗುವುದಿಲ್ಲವೇ?

ದೂರದ ದೂರದ ಚಳಿಯೂರಿನಲ್ಲಿ ಮಂಜಿ ಅನ್ನುವ ಹಿಮದ ಹುಡುಗಿ ಇದ್ದಳು. ಅಲ್ಲಿಂದ ಅಜ್ಜ ಸಾಸಿವೆ ಕಾಳಿನಷ್ಟು ಕಾಣುತ್ತಿದ್ದ. ಅಜ್ಜನನ್ನು ನೋಡಲೇಬೇಕೆಂದು ಹಟ ಹಿಡಿದು ಹೊರಟೇಬಿಟ್ಟಳು.

ದಾರಿಯಲ್ಲಿ ಬಳೆ ತೊಟ್ಟ ಶನಿಮಾವ ಕೂಗಿದ, "ಬೇಡ ಕಣೆ, ಕರಗಿಹೋಗ್ತೀಯ!" ಮಂಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಭೂಮಕ್ಕ ಕೂಗಿದಳು, "ಮೈಯೆಲ್ಲ ಹೊಗೆಯಾಡ್ತಿದೆ, ನೋಡ್ಕೊಳ್ಳೇ!" ಆಗಲೂ ಹಾಕಿಕೊಳ್ಳಲಿಲ್ಲ. ಇಂಥ ಹಟಮಾರಿಗಳನ್ನು ನಾನೂ ಕಂಡಿದ್ದೇನೆ, ಹೆಸರು ಹೇಳುವುದಿಲ್ಲ.

"ಅಜ್ಜಾ, ಬಂದೆ!"

ಅಜ್ಜನ ಮುಖ ಅರಳಿತು. ಮಾತಾಡಿಸಿದ, ನಗಿಸಿದ. ಆದರೆ ನೋಡನೋಡುತ್ತಲೇ ಮಂಜಿ ಸಣ್ಣಗಾಗುತ್ತಿದ್ದಳು. ಅಜ್ಜ ಅವಸರವಸರವಾಗಿ ಹೇಳಿದ,

"ಸಾಕು ಪುಟ್ಟಿ, ಹೊರಡು."

"ಊಹೂಂ, ಇಲ್ಲೇ ಇರ್ತೀನಿ."

"ಇಲ್ಲೇ ಇದ್ರೆ ನೀನೇ ಇರಲ್ಲ ಕಣಮ್ಮ. ನನ್ನ ಬಿಸಿ ನನ್ನ ಕೈಲಿಲ್ಲ."

ಅಜ್ಜ ಉಫ್ ಎಂದು ಊದಿದ. ಅವಳ ಮೈಯ ಆವಿ, ಧೂಳೆಲ್ಲ ಉದ್ದನೆಯ ಜಡೆಯಾಗಿ ಹಿಂದಕ್ಕೆ ಚಾಚಿತು. ಮಂಜಿ ಅಳುತ್ತ ಹೊರಟಳು. ಹಿರಿಯರಿಗೆ ಬೆನ್ನು ಹಾಕಬಾರದಲ್ಲ? ದೇವರ ಮುಂದಿನಿಂದ ನಾವು ಬರುವ ಹಾಗೆ ಹಿಂದಹಿಂದಕ್ಕೆ ಹೆಜ್ಜೆ ಇಟ್ಟಳು.

"ಹೋಗಿ ಬರ್ತೀನಜ್ಜ."

ಇಲ್ಲೇ ಅಜ್ಜ ತಪ್ಪಿದ್ದು. ಮತ್ತೆ ಬಂದರೆ ಮತ್ತೆ ಕರಗುತ್ತಾಳೆ, ಬರೀ 'ಹೋಗು' ಅನ್ನಬೇಕಿತ್ತು. ಆದರೆ ಹೊರಟು ನಿಂತ ಮಗುವಿಗೆ ಹಾಗನ್ನಲು ಯಾರಿಗೆ ಬಾಯಿ ಬರುತ್ತದೆ? "ಹೋಗಿ ಬಾ ಮಗಳೇ" ಅಂದುಬಿಟ್ಟ.

ಚಳಿಯೂರು ಸೇರಿ ಮಂಜಿ ಮತ್ತೆ ಗಟ್ಟಿಯಾದಳು. ಅಕ್ಕಂದಿರು, "ಇನ್ನಾದ್ರೂ ಸುಮ್ನಿರೇ" ಎಂದರು.

"ಹೋಗಿ ಬರ್ತೀನಿ ಅಂದಿದ್ದೆ. ಹೋಗಿದ್ದಾಯ್ತು, ಬರೋದು ಬಾಕಿ ಇದೆಯಲ್ಲ!" ಎಂದು ಮತ್ತೆ ಹೊರಟಳು.

ಅಂದಿನಿಂದ ಅವಳದು ಹೋಗುವುದು, ಬರುವುದು. ಒಂದು ಸುತ್ತಿಗೆ ಎಪ್ಪತ್ತು ಎಂಬತ್ತು ವರ್ಷ. ಪ್ರತಿ ಸಲವೂ ಒಂದು ಚೂರು ಸಣ್ಣಗಾಗುತ್ತಾಳೆ. ಅಜ್ಜನಿಗೆ ಅದು ಗೊತ್ತು, ಸಂಕಟವೂ ಆಗುತ್ತದೆ. ಆದರೂ ದಾರಿ ಕಾಯುತ್ತಾನೆ.

ಜನ ಅವಳನ್ನು ಧೂಮಕೇತು ಅನ್ನುತ್ತಾರೆ, ಅಪಶಕುನ ಅನ್ನುತ್ತಾರೆ. ಕೊಟ್ಟ ಮಾತಿಗೆ ಬರುವವಳು ಅದು ಹೇಗೆ ಕೆಟ್ಟವಳಾದಾಳು? ನಾನು ಲಂಗ ಹಾಕುವ ಹುಡುಗಿಯಾಗಿದ್ದಾಗ ಬಂದಿದ್ದಳು. ಮುಂದಿನ ಸಲ ನನ್ನ ಬದಲು ನೀನು ನೋಡಬೇಕು, ಕಂದಾ.

ಸಂಜೆ ಪಡುವಣದಲ್ಲಿ ಅವಳು ಕಂಡಾಗ ಜಡೆ ಯಾವ ಕಡೆಗಿದೆ ಎಂದು ಗಮನಿಸು: ಬರುವಾಗಲೂ ಸರಿ, ಹೋಗುವಾಗಲೂ ಸರಿ, ಇವತ್ತಿಗೂ ಮಂಜಿಯ ಮುಖ ಸೂರ್ಯಜ್ಜನ ಕಡೆಗೇ ಇರುತ್ತದೆ.