ಒರಳುದಿಣ್ಣೆಯ ವಾಲಿದ ಒರಳು

ಒರಳುದಿಣ್ಣೆಗೆ ಬಂದವರು ಮೊದಲು ಕೇಳುವುದು ಗುಡಿ ಎಲ್ಲಿ ಎಂದು. ಗುಡಿಯಿಲ್ಲ. ಊರ ನಡುವೆ, ಬೇವಿನ ಮರದ ಕೆಳಗೆ, ಅಂಚಿನವರೆಗೂ ನೆಲದಲ್ಲಿ ಹೂತ ಒಂದು ಕಲ್ಲಿನ ಒರಳಿದೆ, ಅಷ್ಟೇ. ಸುತ್ತ ಬೆಣಚುಕಲ್ಲುಗಳು ಒತ್ತೊತ್ತಾಗಿ ಕೂತಿವೆ. ಒರಳು ತೆಂಕಣಕ್ಕೆ ತುಸು ವಾಲಿದೆ. ಇದೇನು ಮಹಾ ಎಂದು ಮೂಗು ಮುರಿಯುವವರು ಮುರಿಯಲಿ. ನಮ್ಮ ಊರು ನಿಂತಿರುವುದೇ ಅದರಿಂದ.

ಹಿಂದೆ ಒಮ್ಮೆ ಇಲ್ಲಿ ಊರೇ ಇರಲಿಲ್ಲ. ನಮ್ಮ ಹಿರಿಯರು ತೆಂಕಣ ಸೀಮೆಯಲ್ಲಿ ಕಂಬಳಿ ನೇಯುತ್ತಿದ್ದವರು. ದೇವರಿಗೆಂದು ನೇಯ್ದ ಕಂಬಳಿಯನ್ನು ಅಲ್ಲಿನ ಪಾಳೆಯಗಾರ ತನ್ನ ಕುದುರೆಗೆ ಹೊದಿಸಲು ಕೇಳಿದನಂತೆ. ಇವರು ಕೊಡಲಿಲ್ಲ. ಹಾಗಾದರೆ ನನ್ನ ಗಡಿಯೊಳಗೆ ಇರಬೇಡಿ ಎಂದ. ಕುರಿ ಹೊಡೆದುಕೊಂಡು, ಗಾಡಿಯ ಮೇಲೆ ಈ ಒರಳನ್ನು ಹೇರಿಕೊಂಡು ಈ ದಿಣ್ಣೆಗೆ ಬಂದರು. ಅವರ ಹಿರಿಯಳು ಮಾಳವ್ವ, ಜಗಮೊಂಡಿ. ಒರಳು ಹೂಳಲು ಗುಂಡಿ ತೋಡುತ್ತಿದ್ದವರನ್ನು ತಡೆದು, "ಒರಳು ಹೂತಲ್ಲೇ ಮನೆ. ನಮ್ಮ ಮನೆ ಇದಲ್ಲ, ಒಂದಲ್ಲ ಒಂದು ದಿನ ಹೋಗುತ್ತೇವೆ" ಎಂದಳು ಎನ್ನುತ್ತಾರೆ. ಹೀಗಾಗಿ ಒರಳು ನೆಲದ ಮೇಲೇ ಉಳಿಯಿತು. ಒನಕೆ ಬಿದ್ದಾಗಲೆಲ್ಲ ಅದು ಹೊರಳುವುದು, ನವಣೆ ಚೆಲ್ಲುವುದು, ಕೋಳಿಗಳಿಗೆ ಹಬ್ಬ. ಹೆಂಗಸರು ಗೊಣಗುತ್ತಲೇ ಕುಟ್ಟಿದರು. ವರ್ಷಗಳು ಕಳೆದಂತೆ ಒರಳು ಹೊರಳುವುದು ನಿಂತಿತು. ಯಾಕೆಂದು ಯಾರೂ ಕೇಳಲಿಲ್ಲ, ಮಾಳವ್ವನೂ ಕೇಳಲಿಲ್ಲ.

ಅವಳ ಮೊಮ್ಮಗಳು ಚಿಕ್ಕೀರಿಗೆ ಪಕ್ಕದ ಹಳ್ಳಿಯ ಹುಡುಗನ ಮೇಲೆ ಮನಸ್ಸಾಯಿತು, ಅವನಿಗೂ ಅಷ್ಟೇ. ಆದರೆ ಮಾಳವ್ವನ ಹಟ ಕೇಳಿದ್ದ ಹುಡುಗನ ತಂದೆ, ಇಂದೋ ನಾಳೆಯೋ ಎದ್ದುಹೋಗುವವರ ಜೊತೆ ಬೀಗತನ ಬೇಡ ಎಂದುಬಿಟ್ಟ. ಅಷ್ಟರಲ್ಲೇ ಹಳೆಯ ಪಾಳೆಯಗಾರ ತೀರಿಕೊಂಡ, ಮಗ ಇವರನ್ನು ವಾಪಸು ಕರೆಯುತ್ತಿದ್ದಾನೆ ಎಂಬ ಸುದ್ದಿ ಬಂತು. ಮಾಳವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕೀರಿ ಮೂಲೆ ಹಿಡಿದು ಅತ್ತಳು. ಗಾಡಿ ಕಟ್ಟಿದರು, ಗಂಡಸರು ಒರಳು ಎತ್ತಲು ಹೋದರು. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಹಾರೆ ಹಾಕಿದರೆ ಹಾರೆಯೇ ಬಾಗಿತು. ಮಾಳವ್ವ ಹೆಂಗಸರ ಕಡೆ ತಿರುಗಿದಳು. ಹೊರಳದಿರಲೆಂದು ಒಂದು ಕಲ್ಲು ಒತ್ತುಕೊಟ್ಟಿದ್ದೆ ಎಂದು ಅವಳ ಸೊಸೆ ಒಪ್ಪಿಕೊಂಡಳು. ನಾನೂ ಎಂದಳು ಪಕ್ಕದವಳು. ಪ್ರತಿಯೊಬ್ಬಳೂ ತಾನೊಬ್ಬಳೇ ಎಂದುಕೊಂಡು, ಅಜ್ಜಿಯ ಕಣ್ಣು ತಪ್ಪಿಸಿ ಕಲ್ಲು ತುರುಕಿ ಮಣ್ಣು ಮೆತ್ತಿದ್ದಳು. ಬೈಯಲೆಂದು ಬಾಯಿ ತೆರೆದ ಮಾಳವ್ವನಿಗೆ ನಗು ಬಂದುಬಿಟ್ಟಿತು.

"ಮೊದಲ ಕಲ್ಲು ನನ್ನದೇ ಕಣ್ರೇ," ಎಂದಳು. "ಬಂದ ವರ್ಷವೇ ಇಟ್ಟೆ. ನವಣೆ ಚೆಲ್ಲುವುದನ್ನು ಎಷ್ಟೂಂತ ನೋಡಲಿ?"

ದಿಣ್ಣೆಗೆ ದಿಣ್ಣೆಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗಾಡಿ ಬಿಚ್ಚಿದರು, ಬೀಗರನ್ನು ಕರೆದರು, ಚಿಕ್ಕೀರಿಯ ಮದುವೆಯ ಅರಿಶಿನವನ್ನು ಅದೇ ಒರಳಲ್ಲಿ ಕುಟ್ಟಿದರು. ಪಾಳೆಯಗಾರನ ಮಗನಿಗೆ, ನಾವು ಬರುವುದಿಲ್ಲ ಎಂದು ಹೇಳಿಕಳಿಸಿ ಜೊತೆಗೊಂದು ಕಂಬಳಿಯನ್ನೂ ಕೊಟ್ಟರಂತೆ. ದೇವರದಲ್ಲ, ಕುದುರೆಗೆಂದೇ ನೇಯ್ದದ್ದು. ಮಾಳವ್ವ ಒಂದೇ ಒಂದು ಮಾತು ನಡೆಸಿಕೊಂಡಳು. ಎಲ್ಲ ಕಡೆಯೂ ಕಲ್ಲು ಕೊಡಿ, ತೆಂಕಣ ಬದಿ ಮಾತ್ರ ನನಗೆ ಬಿಡಿ ಎಂದಳು.

ಈಗಲೂ ಈ ಊರಿಗೆ ಬಂದ ಸೊಸೆ ಮೊದಲ ದಿನ ಒರಳಿನ ಪಕ್ಕ ಒಂದು ಕಲ್ಲು ಒತ್ತುತ್ತಾಳೆ, ತೆಂಕಣ ಬದಿಯೊಂದನ್ನು ಬಿಟ್ಟು. ನೋಡಲು ಬಂದವರು ಯಾರಾದರೂ, ಇದನ್ನು ನೆಟ್ಟಗೆ ಮಾಡಿಸಬಾರದೇ ಎಂದರೆ ನಮ್ಮ ಹೆಂಗಸರು ಬಿಡುವುದಿಲ್ಲ. "ಅಜ್ಜಿ ತವರು ನೋಡುತ್ತಿದ್ದಾಳೆ, ನಿಮಗೇನು ಅಡ್ಡಿ?" ಎನ್ನುತ್ತಾರೆ.