ಎತ್ತಿಕೊಟ್ಟ ಸಾಲು

ಹಾಡು ಕಟ್ಟಿದವಳು ಕಾಗೆ, ಹಾಡಲು ನಿಂತವನು ಅವಳ ಗೂಡಿನಲ್ಲೇ ಬೆಳೆದ ಕೋಗಿಲೆ. ದೇಶದೇಶದ ಹಕ್ಕಿಗಳು ಕೆರೆದಂಡೆಯಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಏನಾಯಿತು, ಊಹಿಸಿ ನೋಡೋಣ! ಗೆದ್ದರೆಂದಿರಾ? ಕೇಳಿ ಸ್ವಾಮಿ. ಹಾಡು ಮುಗಿಯುವವರೆಗೆ ಅದನ್ನು ಕಟ್ಟಿದವರು ಕೊಕ್ಕು ಬಿಚ್ಚಕೂಡದೆಂಬುದು ಅಲ್ಲಿಯ ನಿಯಮ. ಎರಡನೇ ಚರಣಕ್ಕೆ ಬಂದ ಕೋಗಿಲೆ ಸಾಲು ಮರೆತು ತಬ್ಬಿಬ್ಬಾದ. ದಂಡೆಯ ತುಂಬ ನಗು. ಕಾಗೆಗೆ ತಡೆಯಲಾಗಲಿಲ್ಲ, ಕೊಂಬೆಯಿಂದಲೇ "ಕಾ" ಎಂದು ಸಾಲು ಎತ್ತಿಕೊಟ್ಟಳು. ಅವನು ಅದನ್ನು ಹಿಡಿದು ಹಾಡಿ ಮುಗಿಸಿದ.

"ನಿಯಮ ಮುರಿದಿರಿ, ಸ್ಪರ್ಧೆಯಿಂದ ಹೊರಗೆ!" ಎಂದ, ಹಿಮಾಲಯದಾಚೆಯಿಂದ ಬಂದ ತೀರ್ಪುಗಾರ ಹೆಬ್ಬಾತು.

"ಬಹುಮಾನ ಹೋಯ್ತಲ್ಲಮ್ಮಾ!" ಎಂದು ಕೋಗಿಲೆ ಅತ್ತ.

"ಹೋದರೆ ಹೋಗಲಿ ಬಿಡೋ. ಹಾಡು ಅರ್ಧಕ್ಕೆ ನಿಲ್ಲಲಿಲ್ಲವಲ್ಲ."

ಹೆಬ್ಬಾತು ತನ್ನ ದೇಶಕ್ಕೆ ಹಾರುವಾಗ ಅದೇ ಹಾಡನ್ನು ಗುನುಗುತ್ತಿದ್ದ, ಎರಡನೇ ಚರಣದ "ಕಾ" ಸಮೇತ. ಕಾಗೆ ಅದನ್ನು ಕಿವಿಯಾರೆ ಕೇಳಿದ್ದು ಫಾಲ್ಗುಣ ಶುದ್ಧ ತದಿಗೆ, ಗುರುವಾರ.