ದ್ಯಾವೀರಮ್ಮನ ಮನೆಯ ಎರಡನೇ ಟಿಲ್ಲರು

ಸಬ್ಬನಕೊಪ್ಪಲಿನ ದ್ಯಾವೀರಮ್ಮನಿಗೆ ದೇವರು ಎಲ್ಲಾ ಕೊಟ್ಟಿದ್ದ ಕಣ್ರವ್ವಾ. ನಾಲೆ ಬಯಲಲ್ಲಿ ಗದ್ದೆ ಕೊಟ್ಟಿದ್ದ. ಜೋಡೆತ್ತು ಒಟ್ಟಿಗೆ ಒಳಕ್ಕೆ ನುಗ್ಗುವಷ್ಟು ಅಗಲದ ಬಾಗಿಲಿನ ಹಟ್ಟಿಮನೆ ಕೊಟ್ಟಿದ್ದ. ಊರ ಆ ತುದಿಗೂ ಕೇಳುವಂಥ ಗಂಟಲು ಕೊಟ್ಟಿದ್ದ. ಒಬ್ಬ ಮಗನನ್ನೂ ಕೊಟ್ಟಿದ್ದ, ಬೋರಲಿಂಗ ಅಂತ. ಆಳು ಆರಡಿ, ತೋಳು ಒನಕೆ. ತಲೆಯೊಳಗೆ ಏನಾದರೂ ಇಡಬೇಕು ಅನ್ನೋದೊಂದು ಮಾತ್ರ ಆ ದೇವರಿಗೆ ಮರೆತೇ ಹೋಗಿತ್ತು.

"ಹಾಲು ಉಕ್ಕಿದಾಗ ಕೂಗ್ಲಾ" ಅಂತ ಹೇಳಿ ಅವಳು ಹಿತ್ತಲಿಗೆ ಹೋದರೆ, ಇವನು ಒಲೆ ಮುಂದೆ ಕೈಕಟ್ಟಿ ನಿಂತು, ಹಾಲೆಲ್ಲ ಉಕ್ಕಿ, ಒಲೆ ಆರಿ, ಬೂದಿ ತೊಯ್ದ ಮೇಲೆ ಕೂಗಿದ. "ಅವ್ವೋ! ಉಕ್ತು!"

"ಅಯ್ಯೋ ಮಂಕೇ! ಮುಂಚೆ ಯಾಕ್ಲಾ ಕೂಗ್ಲಿಲ್ಲ?"

"ಉಕ್ಕಿದಾಗ ಕೂಗು ಅಂದೆ ಕಣವ್ವ. ಮುಂಚೆ ಕೂಗು ಅನ್ನಲಿಲ್ಲ."

ಒಳಗೆ ಹಣೆ ಹಣೆ ಚಚ್ಚಿಕೊಳ್ಳೋಳು ದ್ಯಾವೀರಮ್ಮ. ಬೀದಿಗೆ ಬಂದರೆ ಮಾತ್ರ ಸೆರಗು ಹಾರಿಸಿಕೊಂಡು, "ನನ್ನ ಮಗ ತಾಯಿ ಮಾತು ಮೀರಿದ್ದು ಉಂಟಾ? ಈ ಊರಲ್ಲಿ ಇನ್ನೊಬ್ಬನ್ನ ತೋರ್ಸಿ ನೋಡುವಾ!" ಅನ್ನೋಳು. ಸುಳ್ಳಲ್ಲ ಬಿಡಿ. ಎದುರು ಮನೆ ಕುಳ್ಳೇಗೌಡನ ಮಕ್ಕಳು ತಾಯಿಯ ಮುಖ ನೋಡಿಯೇ ಎರಡು ವರ್ಷವಾಗಿತ್ತು.

ಆ ಊರಲ್ಲಿ ಯುಗಾದಿ ಬೆಳಿಗ್ಗೆ ಹೊನ್ನಾರು ಹೂಡೋದು. ವರ್ಷದ ಮೊದಲ ಉಳುಮೆ. ಒಂದು ಮನೆಯವರು ಗದ್ದೆಯಲ್ಲಿ ಮೊದಲ ಸಾಲು ಎಳೆದ ಮೇಲೇ ಉಳಿದವರೆಲ್ಲ ಭೂಮಿ ಮುಟ್ಟಬೇಕು. ಆ ಒಂದು ಮನೆ ಅಂದರೆ ದ್ಯಾವೀರಮ್ಮನ ಮನೆ. ಅವಳ ಗಂಡ ಸಿಂಗ್ರಿಗೌಡ ಎತ್ತು ಇರೋ ತನಕ ಎತ್ತು ಕಟ್ಟಿ ಎಳೆದ. ಎತ್ತು ಹೋದ ಮೇಲೆ ಒಂದು ಸಣ್ಣ ಟಿಲ್ಲರು, ಹ್ಯಾಂಡಲ್ ಹಿಡಿದು ಹಿಂದೆ ನಡೆಯೋ ಉಳುಮೆ ಯಂತ್ರ, ತಂದು ಎಳೆದ. ಅವನೂ ಹೋದ. ಹೋದ ಯುಗಾದಿಗೆ ಬೋರಲಿಂಗ ಅದೇ ಸಣ್ಣ ಟಿಲ್ಲರು ಹೂಡಿದ. ನಡು ಗದ್ದೆಗೆ ಬಂದು ಗೊರ್ ಗೊರ್ ಅಂತ ಕೆಮ್ಮಿ ನಿಂತೇಹೋಯ್ತು!

ಕುಳ್ಳೇಗೌಡ ಆ ದಿನ ಕೆಂಪು ಪೇಟ ಸುತ್ತಿ ಬದುವಿನ ಮೇಲೆ ಕುಣಿದ ಪರಿ ನೋಡಬೇಕಿತ್ತು. "ಹೊನ್ನಾರು ನಿಂತ ಮನೆಗೆ ಇನ್ನು ಹೊನ್ನಾರು ಯಾಕ್ರಪ್ಪಾ? ನಮ್ಮನೆಗೆ ಕೊಡಿ!" ಅಂದ. ಊರ ಯಜಮಾನರು ಗುಸುಗುಸು ಮಾತಾಡಿ ಹೇಳಿದರು. "ಇನ್ನೊಂದು ವರ್ಷ ನೋಡುವಾ. ಈ ಬದುವಿಂದ ಆ ಬದುವಿಗೆ, ಎಲ್ಲೂ ನಿಲ್ಲದಂಗೆ ಒಂದು ಸಾಲು. ನಿಂತರೆ ಹೊನ್ನಾರು ಕುಳ್ಳೇಗೌಡನ ಮನೆಗೆ."

ಅವತ್ತಿಂದ ದ್ಯಾವೀರಮ್ಮನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಎದ್ದರೆ ಅದೇ ಮಾತು, ಕೂತರೆ ಅದೇ ಮಾತು. "ಬೋರಾ, ಹೊನ್ನಾರು ನಮ್ಮನೆ ಒಳಗೇ ಇರಬೇಕು ಕಣ್ಲಾ! ಬೇರೆ ಮನೆಗೆ ಹೋಗಬಾರದು ಕಣ್ಲಾ!"

"ಹೂ ಕಣವ್ವ. ನಮ್ಮನೆ ಒಳಗೇ ಇರಬೇಕು."

ಮಾಘ ಮಾಸ ಬಂತು. "ಪ್ಯಾಟೇಲಿ ಬಾಬಣ್ಣನ ಗ್ಯಾರೇಜೈತಲ್ಲ, ಹಳೇ ಟಿಲ್ಲರು ಮಾರೋನು, ಅಲ್ಲಿಗೆ ಹೋಗು. ಒಂದು ದೊಡ್ಡ ಟಿಲ್ಲರು ಆರಿಸ್ಕೊಂಡು ಬಾ. ಬಣ್ಣ ನೋಡಿ ಮರುಳಾಗಬ್ಯಾಡ. ನಿಮ್ಮಪ್ಪ ಎತ್ತು ಆರಿಸ್ತಿದ್ನಲ್ಲ, ಹಂಗೇ ಆರಿಸು!"

"ಹೂ ಕಣವ್ವ. ಅಪ್ಪ ಎತ್ತು ಆರಿಸಿದಂಗೆ."

ಹೋದ. ಟಿಲ್ಲರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸಿಂಗ್ರಿಗೌಡ ಎತ್ತಿನ ಹಲ್ಲು ನೋಡ್ತಿದ್ದ, ಇವನೂ ಹಲ್ಲು ನೋಡಿದ. ಮಣ್ಣು ಕೆದಕೋ ಬ್ಲೇಡುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದ. ಅಪ್ಪ ಎತ್ತಿನ ಮೈಮೇಲೆ ಸುಳಿ ಹುಡುಕ್ತಿದ್ದ, ಇವನೂ ಬಾನೆಟ್ಟಿನ ಮೇಲೆ ಸುಳಿ ಹುಡುಕಿದ. ಅಪ್ಪ ಬಾಲ ತಿರುಚಿ ಚುರುಕು ನೋಡ್ತಿದ್ದ. ಇವನು ಆಗ ತಾನೇ ಓಡಿ ನಿಂತಿದ್ದ ಗಾಡಿಯ ಸೈಲೆನ್ಸರನ್ನು ಗಬಕ್ಕನೆ ಹಿಡಿದು ತಿರುಚಿದ. "ಅಯ್ಯಯ್ಯಪ್ಪೋ!"

ಅಂಗೈ ಬೊಬ್ಬೆ ಎದ್ದು, ಬರಿಗೈಲಿ ಮನೆಗೆ ಬಂದ.

"ಎಲ್ಲಿ ಗಾಡಿ?"

"ಬ್ಯಾಡ ಕಣವ್ವ. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿಗೂಡಿತು, ವಯಸ್ಸಾಯ್ತು ಅಂತಿದ್ದ ಅಪ್ಪ. ಅದಕ್ಕೆ ಹದಿನೆಂಟು ಹಲ್ಲು! ಮುದಿಯೋ ಮುದಿ! ಒಂದು ಸುಳಿ ಇಲ್ಲ. ಅಲ್ಲದೆ ಬಾಲ ಮುಟ್ಟಗೊಡೋಕಿಲ್ಲ."

"ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಬೀಳ! ಹಲ್ಲು ಸುಳಿ ಕಟ್ಕೊಂಡು ಏನ್ಲಾ ಮಾಡೀಯೆ? ಮೊದಲು ಬಲ ನೋಡಬೇಕು, ಬಲ! ಎರಡು ಮೂಟೆ ಹೇರು. ದಿಣ್ಣೆ ಹತ್ತಿಸು. ಏದುಸಿರು ಬಿಡದೆ ಹತ್ತಿದರೆ ಕರ್ಕೊಂಡು ಬಾ. ಏದುಸಿರು ಬಿಟ್ಟರೆ ಎಲ್ಲಿತ್ತೋ ಅಲ್ಲೇ ಬಿಟ್ಟು ಬಾ!"

"ಹೂ ಕಣವ್ವ. ಎರಡು ಮೂಟೆ, ದಿಣ್ಣೆ."

ಆಮೇಲೆ ಯೋಚಿಸಿದಳು, ಈ ಮುಠ್ಠಾಳನೊಬ್ಬನನ್ನೇ ಕಳಿಸಿದರೆ ಆಗಲ್ಲ. ಅವಳ ಅಣ್ಣ ಮುದ್ದೇಗೌಡ ಪಕ್ಕದೂರಲ್ಲಿ ಅಕ್ಕಿ ಮಿಲ್ಲು ನಡೆಸೋನು, ಯಂತ್ರ ಬಲ್ಲೋನು. ಹೊಟ್ಟೆ ಮಾತ್ರ ಅವನಿಗಿಂತ ಒಂದು ಮಾರು ಮುಂದೆ ಹೋಗೋದು. "ಮೊದಲು ಹೋಗಿ ನಿಮ್ಮಾವನ್ನ ಕರ್ಕೊಂಡು ಬಾ" ಅಂದಳು.

ಬೋರಲಿಂಗ ಮಿಲ್ಲಿಗೆ ಹೋದ. "ಮಾವ, ಅವ್ವ ಕರೀತಾವ್ಳೆ. ಇದನ್ನ ವಸಿ ಹೊತ್ಕೊ" ಅಂತ ಒಂದು ಅಕ್ಕಿ ಮೂಟೆ ಎತ್ತಿ ಮಾವನ ಹೆಗಲ ಮೇಲೆ ಮಡಗಿದ. ತಂಗಿ ಅಕ್ಕಿ ಕೇಳಿರಬೇಕು ಅಂದುಕೊಂಡ ಮಾವ. ಅದರ ಮೇಲೆ ಇನ್ನೊಂದು ಮೂಟೆ ಬಿತ್ತು.

"ಏ! ಏ! ಏನ್ಲಾ ಇದು ಅಳಿಯಾ?"

"ನಡೀ ಮಾವ, ದಿಣ್ಣೆ ಹತ್ತು! ಹ್ಯಾ! ಹ್ಯಾ!"

ಹಿಂದಿನಿಂದ ಆರಡಿ ಆಳು ತಳ್ಳುವಾಗ ಎಂಥ ಮಾವನಾದರೂ ಹತ್ತಲೇಬೇಕು. ಅರ್ಧ ದಿಣ್ಣೆಗೆ ಮುದ್ದೇಗೌಡನ ನಾಲಿಗೆ ಹೊರಕ್ಕೆ ಬಂತು, ಪಂಚೆ ಕೆಳಕ್ಕೆ ಬಂತು. ಭತ್ತ ಹಸನು ಮಾಡೋಕೆ ಬಂದಿದ್ದ ಹೆಂಗಸರೆಲ್ಲ ನೋಡಿದರು. ಕೆಲವರು ಎರಡು ಸಲ ನೋಡಿದರು. ಬೋರಲಿಂಗ ಮೂಟೆ ಇಳಿಸಿ, ಮಾವನನ್ನು ರಟ್ಟೆ ಹಿಡಿದು ಮಿಲ್ಲಿಗೆ ಕರೆದುಕೊಂಡು ಹೋಗಿ, ಎಲ್ಲಿದ್ದನೋ ಅಲ್ಲೇ ಬಿಟ್ಟು ಬಂದ.

"ಎಲ್ಲಿ ನಿಮ್ಮಾವ?"

"ಮಾವ ಆಗೋಕಿಲ್ಲ ಕಣವ್ವ. ಬಲ ಇಲ್ಲ. ಅರ್ಧಕ್ಕೇ ಏದುಸಿರು ಬಿಟ್ಟ."

ದ್ಯಾವೀರಮ್ಮ ಪೊರಕೆ ಎತ್ತಿಕೊಂಡಳು. "ನನ್ನ ತವರಿನ ದಾರೀನೇ ಮುಚ್ಚಿಸಿದೆಯಲ್ಲೋ ದನವೇ! ದೊಡ್ಡೋರನ್ನ ಹಂಗಾ ನಡೆಸಿಕೊಳ್ಳೋದು? ಮೆಲ್ಲಗೆ ಕೈ ಹಿಡಿದು 'ಸಂದಾಕಿದ್ದೀರಾ' ಅನ್ನಬೇಕು. ಕುಡಿಯೋಕೆ ಮಜ್ಜಿಗೆ ಕೊಡಬೇಕು. ಹೊರಟು ನಿಂತರೆ ಅಡ್ಡ ಬರದಂಗೆ ಕೈ ಬಿಟ್ಟು 'ಹೋಗ್ ಬನ್ನಿ' ಅನ್ನಬೇಕು!"

"ಹೂ ಕಣವ್ವ. ಸಂದಾಕಿದ್ದೀರಾ, ಮಜ್ಜಿಗೆ, ಹೋಗ್ ಬನ್ನಿ."

ಯುಗಾದಿಗೆ ಇನ್ನು ಹತ್ತೇ ದಿನ. ಅಣ್ಣ ಮುನಿಸಿಕೊಂಡ. ಈ ಸಲ ದ್ಯಾವೀರಮ್ಮ ತಾನೇ ಸೆರಗು ಸಿಕ್ಕಿಸಿ, ಮಗನ ಕೈಗೆ ದಾರಿ ಬಾಯಾರಿಕೆಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು ಪ್ಯಾಟೆಗೆ ಹೊರಟಳು.

ಬಾಬಣ್ಣ ಮರ್ಯಾದಸ್ಥ. ಎರಡು ಗಾಡಿ ತೋರಿಸಿದ, ಒಂದು ನೀಲಿ, ಒಂದು ಕೆಂಪು. "ನೋಡಿ ತಾಯಿ, ಬಲ ಬೇಕು ಅಂದರೆ ಈ ಕೆಂಪು. ಆನೆ. ಬದು ಹತ್ತು ಅಂದರೆ ಹತ್ತುತ್ತೆ, ಗೋಡೆ ಹತ್ತು ಅಂದರೂ ಹತ್ತುತ್ತೆ. ಆದರೆ ತಿರುಗಿಸೋಕೆ ಕೈ ಪಳಗಿರಬೇಕು. ಈ ನೀಲಿಗೆ ಅಷ್ಟು ಬಲ ಇಲ್ಲ, ಹೇಳಿದ ಕಡೆ ತಿರುಗುತ್ತೆ, ಮಗು ಹಂಗೆ. ಗಾಡಿ ಎಂಥದು ಅಂತ ಮಾತ್ರ ನೋಡಬಾರದು ತಾಯಿ, ಹಿಡಿಯೋ ಕೈ ಎಂಥದು ಅಂತಲೂ ನೋಡಬೇಕು. ಬೇಜಾರು ಮಾಡ್ಕೋಬೇಡಿ, ನಿಮ್ಮ ಮಗನ ಕೈಗೆ ನೀಲಿ."

ಮಾತು ಸರಿಯಾಗೇ ಇತ್ತು. ಆದರೆ ದ್ಯಾವೀರಮ್ಮನ ಮೂಗು ಮೇಲಕ್ಕೆ ಹೋಯ್ತು. "ಏನಂದ್ರಿ? ಸಿಂಗ್ರಿಗೌಡನ ಮಗ ಕಣ್ರೀ ಅವನು! ಮಗು ಹಿಡಿಯೋ ಕೈಯಾ ಅದು?"

"ಆಯ್ತು ತಾಯಿ, ಕೆಂಪು ಗಾಡೀನೇ ಒಂದು ಸುತ್ತು ಓಡಿಸಿ ನೋಡಲಿ."

ಬಾಬಣ್ಣ ಗಾಡಿ ಚಾಲೂ ಮಾಡಿ ಕೊಟ್ಟ. ಬೋರಲಿಂಗ ಅದನ್ನು ಮೇಲಿಂದ ಕೆಳಕ್ಕೆ ನೋಡಿದ. ದೊಡ್ಡದು. ದೊಡ್ಡೋರನ್ನ ಹೇಗೆ ನಡೆಸಿಕೊಳ್ಳಬೇಕು ಅಂತ ಅವ್ವ ಹೇಳಿಕೊಟ್ಟಿದ್ದಾಳಲ್ಲ! ಹ್ಯಾಂಡಲ್ಲನ್ನು ಮೆಲ್ಲಗೆ ಹಿಡಿದು ಬಗ್ಗಿ ಕೇಳಿದ. "ಸಂದಾಕಿದ್ದೀರಾ?" ಚೊಂಬು ಎತ್ತಿ ಡೀಸೆಲ್ ಟ್ಯಾಂಕಿಗೆ ಮಜ್ಜಿಗೆ ಹೊಯ್ದ. ಗಾಡಿ ಗುರ್ ಅಂತ ಹೊರಟಿತು. ಇವನು ಅಡ್ಡ ಬರಲಿಲ್ಲ. ಎರಡೂ ಕೈ ಬಿಟ್ಟು ಮುಗಿದ. "ಹೋಗ್ ಬನ್ನಿ!"

ಹೋಯ್ತು! ಬೀದಿ ದಾಟಿತು, ಕುಂಬಳಕಾಯಿ ರಾಶಿ ದಾಟಿತು, ಕುಂಬಳಕಾಯಿ ಮಾರೋಳ ಏಳು ತಲೆಮಾರಿನ ಬೈಗುಳ ದಾಟಿತು, ಚರಂಡಿಗೆ ಹೋಗಿ ಮೂಗು ಊರಿ, ಮಜ್ಜಿಗೆ ಕುಡಿದದ್ದಕ್ಕೆ ಒಂದು ಸಲ ತೇಗಿ, ನಿಂತಿತು.

ಇನ್ನು ಆರಿಸೋದೇನು ಬಂತು? ಚರಂಡಿಗೆ ಬಿದ್ದದ್ದನ್ನು ಕೊಳ್ಳಲೇಬೇಕು. ದ್ಯಾವೀರಮ್ಮ ಕತ್ತಿನ ಚಿನ್ನದ ಅಡ್ಡಿಕೆ ಬಿಚ್ಚಿ ಬಾಬಣ್ಣನ ಮುಂದೆ ಇಟ್ಟಳು. ಅವನು ಟ್ಯಾಂಕು ತೊಳೆದು, ಗಾಡಿ ಸರಿಮಾಡಿ, ಊರ ತನಕ ತಾನೇ ಓಡಿಸಿಕೊಂಡು ಬಂದು ಕೊಟ್ಟು, ಹಿಂತಿರುಗಿ ನೋಡದೆ ಹೋದ.

ಬೀದಿಯಲ್ಲಿ ನಿಂತು ಅವಳು ಏನಂದಳು ಗೊತ್ತಾ? "ಎರಡರಲ್ಲಿ ಬಲವಾದ್ದನ್ನೇ ಆರಿಸಿದ ಕಣ್ರೀ ನನ್ನ ಮಗ! ಒಂದೇ ನೋಟಕ್ಕೆ!" ಬಾಗಿಲು ಹಾಕಿಕೊಂಡ ಮೇಲೆ ಶುರುವಾಯ್ತು ಬೈಗುಳ.

"ಹ್ಯಾಂಡಲ್ ಕೈಬಿಡ್ತಾರೇನ್ಲಾ ದರಿದ್ರವೇ? ಇನ್ನು ಕೇಳು. ಹೊನ್ನಾರಿನ ದಿನ ಆಕಾಶ ಬಿದ್ದರೂ ಹ್ಯಾಂಡಲ್ ಬಿಡಬ್ಯಾಡ. ಏನೇ ಆಗಲಿ ನಿಲ್ಲಿಸಬ್ಯಾಡ. ನಿಮ್ಮಪ್ಪ ಸಾಲು ನೆಟ್ಟಗೆ ಬರಲಿ ಅಂತ ಎದುರು ಬದುವಿನ ಮೇಲೆ ಒಂದು ಗುರುತು ಹಿಡಿಯೋನು. ನೀನೂ ಹಿಡಿ. ಆ ಗುರುತು ಬಿಟ್ಟು ಕಣ್ಣು ಕದಲಿಸಬ್ಯಾಡ, ಗಾಡಿ ಅತ್ತಲೇ ಹೋಗಲಿ. ನಾನು ಬಿಡು ಅನ್ನೋ ಗಂಟ ಬಿಡಬ್ಯಾಡ!"

"ಹೂ ಕಣವ್ವ. ನೀನು ಬಿಡು ಅನ್ನೋ ಗಂಟ ಬಿಡೋಕಿಲ್ಲ."

ಯುಗಾದಿ ಬಂತು. ಟಿಲ್ಲರಿಗೆ ಅರಿಶಿನ ಕುಂಕುಮ, ಹೂವು, ಮಾವಿನ ಸೊಪ್ಪು. ಊರೆಲ್ಲ ಗದ್ದೆ ಸುತ್ತ ನಿಂತಿತು. ಎದುರು ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ಕುಳ್ಳೇಗೌಡ. ತಲೆ ಮೇಲೆ ಅದೇ ಕೆಂಪು ಪೇಟ, ಈ ವರ್ಷ ಇನ್ನೂ ಎರಡು ಸುತ್ತು ಜಾಸ್ತಿ. ಸಾಲು ನಿಂತ ಕೂಡಲೇ ಹೂಡೋಕೆ ತನ್ನ ಟಿಲ್ಲರಿಗೂ ಹೂವು ಮುಡಿಸಿ ತಂದಿದ್ದ, ನಾಚಿಕೆಗೆಟ್ಟವನು.

ಬೋರಲಿಂಗ ಗುರುತು ಹುಡುಕಿದ. ಆ ಬದುವಿನ ಮೇಲೆ ಕಣ್ಣಿಗೆ ಹೊಡೆಯೋ ಹಂಗಿದ್ದದ್ದು ಒಂದೇ, ಆ ಕೆಂಪು ಪೇಟ. ಹಿಡಿದ.

ಗುರ್ರ್! ಆನೆ ಹೊರಟಿತು. ನಡು ಗದ್ದೆ ಬಂತು. ಹೋದ ವರ್ಷ ನಿಂತ ಜಾಗ ಬಂತು. ದಾಟಿತು! ಎಳೆದ ಸಾಲು ಹೇಗಿತ್ತು ಅಂತೀರಿ, ಬಾಚಣಿಗೆಯಲ್ಲಿ ಬೈತಲೆ ತೆಗೆದಂಗೆ! ಬದು ಮುಟ್ಟಿತು!

"ಮುಟ್ತು! ಮುಟ್ತು! ನನ್ನ ಮಗ ಮುಟ್ಟಿಸ್ದ!" ಅಂತ ದ್ಯಾವೀರಮ್ಮ ಕುಣಿದಳು.

ಗಾಡಿ ಮಾತ್ರ ನಿಲ್ಲಲಿಲ್ಲ. ಬದು ಹತ್ತಿತು. ಕುಳ್ಳೇಗೌಡ ಬಲಕ್ಕೆ ಜರುಗಿದ, ಗಾಡಿಯೂ ಬಲಕ್ಕೆ ಜರುಗಿತು. ಎಡಕ್ಕೆ ಜಿಗಿದ, ಗಾಡಿಯೂ ಎಡಕ್ಕೆ. "ಏ ಬೋರಾ! ನಿಲ್ಲಿಸ್ಲಾ!" ಅಂತ ಪಂಚೆ ಎತ್ತಿಕೊಂಡು ಊರ ಕಡೆ ಓಡಿದ. ಪೇಟ ಮುಂದೆ, ಟಿಲ್ಲರು ಹಿಂದೆ, ಟಿಲ್ಲರಿನ ಹಿಂದೆ ನೆಟ್ಟಗೆ ಒಂದು ಸಾಲು, ಸಾಲಿನ ಹಿಂದೆ ಇಡೀ ಊರು!

ಕುಳ್ಳೇಗೌಡ ತನ್ನ ಮನೆ ಬಾಗಿಲಿಗೆ ಬಂದು ಬಡಿದ, ಒಳಗಿಂದ ಅಗುಳಿ ಹಾಕಿತ್ತು. ಎದುರಿಗೆ ದ್ಯಾವೀರಮ್ಮನ ಮನೆ ಬಾಗಿಲು ತೆರೆದಿತ್ತು. ನುಗ್ಗಿದ! ಏಣಿ ಹತ್ತಿ ಅಟ್ಟ ಸೇರಿದ! ಹೊಸ್ತಿಲು ಹಾರಿ ಟಿಲ್ಲರೂ ನುಗ್ಗಿತು! ನಡುಮನೆಯ ಮಣ್ಣುನೆಲ ಗರಗರ ಮಗುಚಿತು. ಪೇಟ ಮೇಲಿದೆ, ಟಿಲ್ಲರು ಮೇಲೆ ಹೋಗದು. ಬೋರಲಿಂಗ ಕತ್ತೆತ್ತಿ ಪೇಟವನ್ನೇ ನೋಡುತ್ತಾ ಕಂಬದ ಸುತ್ತ ಸುತ್ತ ಸುತ್ತ ಉತ್ತ.

ಅಷ್ಟರಲ್ಲಿ ಊರೇ ಬಾಗಿಲಿಗೆ ಬಂತು. ಮುಂದೆ ಯಾರು? ಕುಳ್ಳೇಗೌಡನ ಹೆಂಡತಿ! ಒಳಗಿದ್ದೋಳು ಸದ್ದು ಕೇಳಿ ಅಗುಳಿ ತೆಗೆದು ಬಂದಿದ್ದಳು.

"ಹಬ್ಬದ ಬೆಳಿಗ್ಗೆ ಗಂಡ ಇಲ್ಲದೋಳ ಮನೆ ಅಟ್ಟದ ಮೇಲೆ ನಿಮಗೇನ್ರೀ ಕೆಲಸ?"

"ಅಯ್ಯೋ ನಿನ್ನ! ಕೆಳಗೇನೈತೆ ನೋಡೇ! ದ್ಯಾವೀರಮ್ಮಾ, ನಿಲ್ಲಿಸೋಕೆ ಹೇಳವ್ವಾ!"

ದ್ಯಾವೀರಮ್ಮ ಬಾಗಿಲಲ್ಲಿ ನಿಂತಳು. ಕಿತ್ತುಹೋದ ನೆಲ ನೋಡಿದಳು, ಉರುಳಿದ ಮಡಕೆ ನೋಡಿದಳು, ಅಟ್ಟದ ಮೇಲೆ ಗಡಗಡ ನಡುಗುತ್ತಿದ್ದ ಪೇಟ ನೋಡಿದಳು. ಸೊಂಟಕ್ಕೆ ಕೈ ಕೊಟ್ಟಳು.

"ಹೊನ್ನಾರು ಯಾರ ಮನೇದು, ಕುಳ್ಳೇಗೌಡ್ರೇ?"

"ನಿಮ್ಮನೇದು ಕಣವ್ವಾ! ನಿಮ್ಮನೇದೇ!"

"ಯಜಮಾನ್ರು ಹಿಂದೆ ನಿಂತವ್ರೆ, ಅವರಿಗೆ ಕೇಳಲಿಲ್ಲ. ಗಟ್ಟಿಯಾಗಿ ಹೇಳಿ."

"ನಿಮ್ಮನೇದು! ನಿಮ್ಮ ಮಗಂದು! ನಿಮ್ಮ ಮೊಮ್ಮಕ್ಕಳದು!"

ಯಜಮಾನರು ಹೂ ಅಂತ ತಲೆ ಆಡಿಸಿದರು. ಟಿಲ್ಲರಿನ ಸದ್ದಿನ ಮೇಲೆ ಬೋರಲಿಂಗ ಕೂಗಿ ಹೇಳಿದ. "ಅವ್ವಾ! ಹೊನ್ನಾರು ನಮ್ಮನೆ ಒಳಗೇ ತಂದಿವ್ನಿ ಕಣವ್ವಾ! ಸರೀಗೈತಾ?"

ಹೆತ್ತ ಹೊಟ್ಟೆ ಉಬ್ಬಿಹೋಯ್ತು ಕಣ್ರವ್ವಾ. ಜನ್ಮದಲ್ಲಿ ಮೊದಲ ಸಲ ಅವನಿಗೆ ಬೈಗುಳ ಬೀಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅಂದಳು. "ಸರೀಗೈತೆ ಕಣ್ಲಾ, ನನ್ನಪ್ಪಾ! ಸಾಕು. ಬಿಡು."

ಬಿಟ್ಟ.

ಎರಡೂ ಕೈ ಬಿಟ್ಟು ಮುಗಿದು ನಿಂತ. "ಹೋಗ್ ಬನ್ನಿ!" ಅಂದ. ಟಿಲ್ಲರು ಹಿಂಭಾಗದ ಮಣ್ಣುಗೋಡೆಗೆ ಒಂದು ಸಲ ಗುದ್ದಿತು. ಗೋಡೆ ಧೊಪ್ಪನೆ ಮಲಗಿತು. ಅದರ ಮೇಲೆ ಹತ್ತಿ ಇಳಿದು, ಹಿತ್ತಲು ದಾಟಿ, ಆಚೆಗಿದ್ದ ಕುಳ್ಳೇಗೌಡನ ಗದ್ದೆಗೆ ಬಿದ್ದು, ಆಳಿಲ್ಲ ಕಾಳಿಲ್ಲ, ತನ್ನ ಪಾಡಿಗೆ ತಾನು ಉಳುತ್ತಾ ಹೊರಟಿತು.

ದ್ಯಾವೀರಮ್ಮ ಗೋಡೆಯ ತೂತಿನಲ್ಲಿ ಬಗ್ಗಿ ನೋಡಿದಳು. ಆಮೇಲೆ ಸೆರಗು ಹಾರಿಸಿ ಊರ ಕಡೆ ತಿರುಗಿದಳು.

"ನನ್ನ ಮಗ ಆರಿಸಿದ ಗಾಡಿ ಕಣ್ರೀ! ಎಲ್ಲಾ ಬನ್ನಿ, ಇಲ್ಲಿಂದ ನೋಡಿ, ಎಷ್ಟು ನೆಟ್ಟಗೆ ಹೋಯ್ತಾ ಐತೆ!"